ಜ್ವರ ಬಿಟ್ಟರೂ ಮಡಚದ ಬೆರಳು

ಮಳೆಗಾಲ ಮುಗಿಯುವ ಹೊತ್ತಿಗೆ ಶಹಾಪುರದ ನಮ್ಮ ಓಣಿಯಲ್ಲಿ ಮನೆಮನೆಗೂ ಚಿಕೂನ್‌ಗುನ್ಯಾ ಬಂತು. ನಾನು, ಅತ್ತೆ ಒಂದೇ ವಾರದಲ್ಲಿ ಹಾಸಿಗೆ ಹಿಡಿದೆವು. ಐದಾರು ದಿನಕ್ಕೆ ಜ್ವರ ಬಿಟ್ಟಿತು. ನಾನು ಪಾಠ ಮಾಡಲು ಮತ್ತೆ ಸಗರದ ಶಾಲೆಗೆ ಹೊರಟೆ, ಅತ್ತೆ ಒಲೆಯ ಮುಂದೆ ಕುಳಿತರು.

ಆದರೆ ಬೆಳಿಗ್ಗೆ ಎದ್ದಾಗ ನನ್ನ ಬೆರಳು ಮಡಚುತ್ತಿರಲಿಲ್ಲ. ಹಿಮ್ಮಡಿ ಊರಿದರೆ ಜೀವ ಹೋದಂತಾಗುತ್ತಿತ್ತು. ತಾಸು ಕಳೆದ ಮೇಲೆ ತುಸು ಸಡಿಲ. ಬೋರ್ಡಿನ ಮೇಲೆ ನನ್ನ ಅಕ್ಷರ ಒಂದನೇ ತರಗತಿಯ ಮಕ್ಕಳದ್ದಕ್ಕಿಂತ ಸೊಟ್ಟ. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಅತ್ತೆ ಈ ವಯಸ್ಸಿನಲ್ಲಿ ನನ್ನ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುತ್ತಾರೆ. ಅವರು ಹಿತ್ತಲಿಗೆ ಹೋಗುವವರೆಗೂ ಮುಸುಕೆಳೆದು ಮಲಗಿದ್ದು, ಆಮೇಲೆ ಗೋಡೆ ಹಿಡಿದು ಏಳುತ್ತಿದ್ದೆ.

ಒಂದು ದಿನ ಬೇಗ ಎದ್ದು ಗೋಡೆ ಹಿಡಿದು ಬಚ್ಚಲಿಗೆ ಹೊರಟರೆ, ಅದೇ ಗೋಡೆ ಹಿಡಿದು ಅತ್ತೆ ಎದುರಿಗೆ ಬರುತ್ತಿದ್ದರು.

“ನಿನಗೂ ಹಿಂಗೇ ಆಗ್ಯದೇನು?”

“ಹೌದ್ರಿ ಅತ್ತಿ, ಜ್ವರ ಬಿಟ್ಟಾಗಿಂದ.”

“ನಾ ಮುಪ್ಪು ಬಂತಂತ ತಿಳಕೊಂಡಿದ್ದೆ! ನೀ ಏಳೋದ್ರಾಗ ಕಾಲು ಸಡಲ ಮಾಡ್ಕೊಬೇಕಂತ ದಿನಾ ನಸುಕಿನ್ಯಾಗ ಅಡ್ಡಾಡಾಕತ್ತಿದ್ದೆ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಿದ್ದೇವೆಂದು ಗೋಡೆಯನ್ನೂ ಬಿಡಲಿಲ್ಲ. ಗದ್ದಲಕ್ಕೆ ಎದ್ದು ಬಂದ ತಮ್ಮ ಮಗನಿಗೆ ಅತ್ತೆ ಹೇಳಿದರು: “ಇವತ್ತಿಂದ ರೊಟ್ಟಿ ನೀನೇ ಬಡಿಯಪ್ಪ.” ನನ್ನ ಗಂಡ ಬಡಿದ ರೊಟ್ಟಿಗೆ ಎಷ್ಟು ಮೂಲೆಗಳೋ! ಆದರೂ ಉಂಡೆವು.

ಅಂದೇ ಯಾದಗಿರಿಗೆ ಹೋದೆವು. ಡಾಕ್ಟರಮ್ಮ ಮಣಿಕಟ್ಟು ಒತ್ತಿ ನೋಡಿ, ನೋವು ಯಾವ ಹೊತ್ತಿಗೆ ಜಾಸ್ತಿ ಎಂದು ಕೇಳಿ, ಅತ್ತೆಗೆ ಹೇಳಿದರು: “ಮುಪ್ಪಲ್ಲಮ್ಮ ಇದು. ಜ್ವರ ಹೋಗ್ಯದ, ಕೀಲುನೋವು ಉಳದದ. ಕೆಲವ್ರಿಗೆ ತಿಂಗಳುಗಟ್ಲೆ ಇರ್ತದ. ಬಿಸಿನೀರಾಗ ಕೈ ಇಟ್ಟು ಬೆರಳು ಆಡಸ್ರಿ. ನಿಮ್ಮಷ್ಟಕ್ಕ ನೀವೇ ಗುಳಿಗಿ ತಗೋಬ್ಯಾಡ್ರಿ. ಬಾವು ಬಂದ್ರ ಮತ್ತ ಬರ್ರಿ.”

ಮುಪ್ಪಲ್ಲ ಎಂಬ ಮಾತಿಗೇ ಅತ್ತೆ ಅರ್ಧ ಗುಣವಾದರು. ಉಳಿದರ್ಧಕ್ಕೆ ಸಂಕ್ರಾಂತಿಯವರೆಗೆ ಕಾಯಬೇಕಾಯಿತು. ನನಗೆ ಇನ್ನೂ ಒಂದು ತಿಂಗಳು ಹೆಚ್ಚು.

ಸುರಪುರದಲ್ಲಿರುವ ಅತ್ತೆಯ ತಂಗಿಗೂ ಅದೇ ಜ್ವರ ಬಂದು ಹೋಗಿತ್ತು. ಯಾದಗಿರಿಯಿಂದ ಬಂದ ಸಂಜೆಯೇ ಅತ್ತೆ ಫೋನ್ ಮಾಡಿದರೆ ಅವರು “ನಾ ಆರಾಮ ಇದ್ದೀನಿ” ಎಂದರು. ಅತ್ತೆ ನಂಬಲಿಲ್ಲ.

“ಬೆಳಿಗ್ಗಿ ನೀರು ತುಂಬಿದ ಚರಗಿ ಒಂದೇ ಕೈಲೆ ಎತ್ತತೀಯೇನು?”

ತಂಗಿ ಒಪ್ಪಿಕೊಂಡರು: “ಎರಡು ಕೈ ಬೇಕಾಗ್ತಾವಕ್ಕ.”

“ನಾಳೆ ಬರ್ತೀನಿ, ಡಾಕ್ಟರಮ್ಮನ ಹತ್ರ ಹೋಗೂಣು, ತಯಾರಾಗಿರು,” ಎಂದು ಅತ್ತೆ ಫೋನಿಟ್ಟು, ಸುರಪುರಕ್ಕೆ ಮೊದಲ ಬಸ್ಸು ಎಷ್ಟಕ್ಕೆಂದು ನನ್ನನ್ನು ಕೇಳಿದರು.