ಗೋಡೆಯ ಮೇಲಿನ ಕಳೆ ಕುರ್ಚಿಗೆ

ಅವನಿಗೆ ಮೂವತ್ತೊಂದು ತುಂಬಿತ್ತು. ತೋಟದವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಅವನೂ ಆ ಹೆಸರಿಗೇ ಓಗೊಡುತ್ತಿದ್ದ. ಆಟಿಸಂ ಇರುವವರಿಗೆ ಕೆಲಸ ಕಲಿಸಿ ಸಂಬಳ ಕೊಡುವ ತರಕಾರಿ ತೋಟ ಅದು. ಮೂರು ತಿಂಗಳು ನೋಡಿ, ಹೊಂದಿಕೊಂಡರೆ ಕಾಯಂ. ಹಿಂದಿನ ಎರಡು ಕಡೆ, ಗದ್ದಲಕ್ಕೆ ಕಿವಿ ಮುಚ್ಚಿ ಕೂತನೆಂದು ವಾರದೊಳಗೇ ಮನೆಗೆ ಕಳಿಸಿದ್ದರು. ಇಲ್ಲಿ ಮಾತ್ರ ಮಂಜಿನಲ್ಲಿ ಅರ್ಧ ಮುಳುಗಿದ ಸೊಪ್ಪಿನ ಮಡಿಗಳ ನಡುವೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಣ್ಣು ಮೆಲ್ಲಗೆ ಉಸಿರಾಡಿದಂತೆ, ಎಲೆಗಳು ತನ್ನ ಬೆರಳಿಗೇ ಕಾದಂತೆ ಅವನಿಗೆ ಅನ್ನಿಸುತ್ತಿತ್ತು.

ಹತಾರದ ಕೋಣೆಯ ಗೋಡೆಯೆಂದರೆ ಅವನಿಗೆ ಪಂಚಪ್ರಾಣ. ಗುದ್ದಲಿ, ಸಲಿಕೆ, ಕುಡುಗೋಲು, ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದ, ಇದ್ದಿಲಿನಿಂದ ಎಳೆದ ಕಪ್ಪು ಗೆರೆ. ಕಾಯಂ ಆದವರ ಹತಾರಕ್ಕಷ್ಟೇ ಗೆರೆ. ಅದನ್ನು ತೋಟದ ಮೇಸ್ತ್ರಿಯೇ ಎಳೆಯಬೇಕು. ನಿಧಾನಪ್ಪನ ಕುರ್ಚಿಗೆ, ಕಳೆ ತೆಗೆಯುವ ಆ ಪುಟ್ಟ ಹತಾರ, ಮಾತ್ರ ಮೂಲೆಯ ಮೊಳೆಗೆ ಗೆರೆಯಿಲ್ಲದೆ ಬರಿದೇ ನೇತಾಡುತ್ತಿತ್ತು.

ಮೂರು ತಿಂಗಳು ಮುಗಿದ ದಿನ ಅಕ್ಕನ ಜೊತೆ ಬಂದು ನೋಡಿದರೆ ಗೋಡೆ ಹಾಲಿನಂತೆ ಬೆಳ್ಳಗಿದೆ. ಚೆಂದ ಕಾಣಲೆಂದು ಮೇಸ್ತ್ರಿ ಹಿಂದಿನ ದಿನ ಸುಣ್ಣ ಬಳಿಸಿಬಿಟ್ಟಿದ್ದ. ಮೊಳೆಗಳಷ್ಟೇ ಉಳಿದಿದ್ದವು, ಹತಾರವೆಲ್ಲ ನೆಲದಲ್ಲಿ ರಾಶಿ. ನಿಧಾನಪ್ಪ ಕಿವಿ ಮುಚ್ಚಿಕೊಂಡು ಹೊಸ್ತಿಲಲ್ಲೇ ಕುಕ್ಕರಿಸಿದ. ಈ ಕೆಲಸವೂ ಕೈತಪ್ಪಿತೆಂದೇ ಅಕ್ಕ ಬಗೆದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ನನ್ನ ಬುದ್ಧಿಗಿಷ್ಟು. ಒಳ್ಳೇದು ಮಾಡೋಕೆ ಹೋಗಿ ಎಡವಟ್ಟು ಮಾಡ್ದೆ ಕಣಮ್ಮ."

"ಮೈ ಮುಟ್ಟಬೇಡಿ, ಮೇಸ್ತ್ರಿ. ಸುಮ್ನೆ ಬಿಟ್ರೆ ಅವನೇ ಏಳ್ತಾನೆ."

ಬಿಸಿಲು ಹೊಸ್ತಿಲು ದಾಟಿ ಒಳಗೆ ತೆವಳಿತು. ಬಿಳಿ ಗೋಡೆಯ ಮೇಲೆ ಹಳೆಯ ಗೆರೆಗಳು ನೀರಿನಡಿಯ ಮೀನುಗಳಂತೆ ಒಂದೊಂದಾಗಿ ಅವನ ಕಣ್ಣಿಗೆ ತೇಲಿಬಂದವು. ಎದ್ದ. ಇದ್ದಿಲ ಚೂರೊಂದನ್ನು ಹೆಕ್ಕಿದ. ಗುದ್ದಲಿಯನ್ನು ಅದರ ಮೊಳೆಗೇ ತೂಗುಹಾಕಿ, ಸುತ್ತ ಗೆರೆ ಎಳೆದ. ಆಮೇಲೆ ಸಲಿಕೆ, ಆಮೇಲೆ ಕುಡುಗೋಲು. ಎಲ್ಲೂ ತಡವರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ತುಂಬಿತ್ತು. ಕೊನೆಗೆ ತನ್ನ ಕುರ್ಚಿಗೆಯನ್ನು ಮೂಲೆಗೆ ತೂಗುಹಾಕಿ, ಇದ್ದಿಲನ್ನು ಕೆಳಗಿಟ್ಟ.

"ನಿಂದು?" ಎಂದ ಮೇಸ್ತ್ರಿ.

"ಅದು ನೀವು ಎಳೀಬೇಕು."

ಮೇಸ್ತ್ರಿ ಅಕ್ಕನತ್ತ ತಿರುಗಿದ. "ಎಲ್ಲರಿಗೂ ಮನೆ ಕಟ್ಟಿಕೊಟ್ಟು ತಾನು ಬೀದೀಲಿ ನಿಂತಿದಾನೆ ನೋಡಮ್ಮ, ನಿನ್ನ ತಮ್ಮ," ಎನ್ನುತ್ತ ಇದ್ದಿಲು ಎತ್ತಿಕೊಂಡು ಕುರ್ಚಿಗೆಯ ಸುತ್ತ ಗೆರೆ ಎಳೆದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಧಾನಪ್ಪ ಹತ್ತಿರ ಹೋಗಿ ನೋಡಿದ. ಹಿಡಿಯ ಹತ್ತಿರ ಗೆರೆ ಸೊಟ್ಟಗಾಗಿತ್ತು. ಅಷ್ಟನ್ನು ಬೆರಳಿನಿಂದ ಒರೆಸಿ ಹೇಳಿದ:

"ಇನ್ನೊಂದ್ಸಲ."