ಹೊಸ ಕಂಪ್ಯೂಟರಿನೊಳಗಿನ ಹಳೆಯ ಕಂಪ್ಯೂಟರು

ಜಗಳೂರಿನಿಂದ ಫೋನು ಬಂದಾಗ ನಾನು ಹೊನ್ನಾಳಿಯ ನನ್ನ ಅಂಗಡಿಯಲ್ಲಿ ಕೂತು ಯಾರದೋ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಿಂದ ಅಂಟಂಟು ಚಹಾ ತೆಗೆಯುತ್ತಿದ್ದೆ.

“ಅಕ್ಕಾ, ನಮ್ಮ ಕಂಪ್ಯೂಟರ್ ಹೊತ್ಕೊಂಡು ಹೋಗ್ಯಾರೆ,” ಎಂದಳು ಗೆಳತಿ.

“ಕಳ್ಳರಾ?”

“ಅಲ್ಲ. ನಮ್ಮೋರೇ.”

ಅವಳು ಸೊಕ್ಕೆ ಕಡೆಯವಳು, ಹುಟ್ಟಿನಿಂದ ಕಣ್ಣು ಕಾಣದವಳು. ಜಗಳೂರಿನಲ್ಲಿ ಕಣ್ಣು ಕಾಣದ ಮಕ್ಕಳ ವಸತಿ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಹಿಂದೊಮ್ಮೆ ದಾವಣಗೆರೆಯ ತರಬೇತಿಯಲ್ಲಿ ಅವಳಿಗೆ ಕಂಪ್ಯೂಟರ್ ಕಲಿಸಿದವಳು ನಾನು. ಕಲಿಸಿದೆ ಅನ್ನುವುದೂ ಪೂರ್ತಿ ನಿಜವಲ್ಲ. ಪರದೆ ನೋಡದೆ, ಬರೀ ಕಿವಿಯಿಂದ ಕಂಪ್ಯೂಟರ್ ನಡೆಸುವುದು ಹೇಗೆಂದು ನನಗೂ ಅಲ್ಲೇ ತಿಳಿದದ್ದು. ಆವತ್ತಿನಿಂದ ಅವಳು ನನ್ನನ್ನು ಅಕ್ಕ ಎಂದು ಕರೆಯುತ್ತಾಳೆ, ಆ ಶಾಲೆಯ ಕಂಪ್ಯೂಟರಿಗೆ ಏನಾದರೂ ಆದರೆ ಫೋನು ನನಗೇ ಬರುತ್ತದೆ.

ಆ ಶಾಲೆಯಲ್ಲಿ ಒಂದು ಬ್ರೈಲ್ ಪ್ರಿಂಟರ್ ಇದೆ. ಮಸಿಯ ಬದಲು ದಪ್ಪ ಕಾಗದದ ಮೇಲೆ ಚುಕ್ಕೆಗಳನ್ನು ಗುದ್ದುವ ಯಂತ್ರ. ಅದು ಶುರುವಾದರೆ ಪಕ್ಕದ ಕೋಣೆಯಲ್ಲಿ ಪಾಠ ನಡೆಯುವುದಿಲ್ಲ, ಅಷ್ಟು ಸದ್ದು. ಮಕ್ಕಳಿಗೆ ಮಾತ್ರ ಆ ಸದ್ದು ಬಹಳ ಇಷ್ಟ. ಸದ್ದು ಬಂದರೆ ಓದಲು ಹೊಸದೇನೋ ಬರುತ್ತದೆ ಎಂದು ಅರ್ಥ. ಆ ಯಂತ್ರವನ್ನೂ, ಕನ್ನಡವನ್ನು ಚುಕ್ಕೆಗಳಿಗೆ ಬದಲಿಸುವ ಪ್ರೋಗ್ರಾಮನ್ನೂ ಶಾಲೆ ಬಹಳ ಹಿಂದೆ ಒಟ್ಟಿಗೆ ಕೊಂಡಿತ್ತು. ಆ ಪ್ರೋಗ್ರಾಂ ನಡೆಯುವುದು ಆ ಕಾಲದ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ. ಅದಕ್ಕಾಗಿಯೇ ಒಂದು ಹಳೆಯ ಕಂಪ್ಯೂಟರನ್ನು ಗೆಳತಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಈಗ ಅದೇ ಹೋಗಿತ್ತು.

ಮರುದಿನ ಅಂಗಡಿಗೆ ಬೀಗ ಹಾಕಿ ದಾವಣಗೆರೆ ಬಸ್ಸು ಹಿಡಿದು, ಅಲ್ಲಿಂದ ಜಗಳೂರಿಗೆ ಹೋದೆ. ಶಾಲೆಯ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಒಳಗೆ ಹೊಸ ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಅರಿಶಿನ ಕುಂಕುಮ. ಆಡಳಿತ ಮಂಡಳಿಯ ಕಾರ್ಯದರ್ಶಿ ಖುದ್ದಾಗಿ ಬಂದು ನನ್ನನ್ನು ಕರೆದೊಯ್ದರು. ಅವರು ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆತನದವರು. ಕೆಟ್ಟವರು ಅಂತ ಹೇಳಲಾರೆ. ಹಾಸ್ಟೆಲ್ಲಿನಲ್ಲಿ ಅಕ್ಕಿ ಕಡಿಮೆ ಬಿದ್ದಾಗ ತಮ್ಮ ಮನೆಯಿಂದ ಚೀಲ ಕಳಿಸಿದವರು. ನನ್ನ ಸಿಟ್ಟಿಗೆ ಅದೇ ದೊಡ್ಡ ತೊಡಕಾಯಿತು.

“ನೋಡ್ರಿ ಮೇಡಂ, ಹೆಂಗದಾವೆ? ಎಲ್ಲಾ ಹೊಸಾವು.”

“ಚೆನ್ನಾಗದಾವೆ ಸರ್. ಹಳೇದು ಎಲ್ಲೈತೆ?”

“ಅದನ್ನ ಇಟ್ಕೊಂಡು ಏನು ಮಾಡಾಕೆ? ಎಕ್ಸ್‌ಚೇಂಜಿಗೆ ಹಾಕಿದ್ವಿ. ನಮ್ಮ ಚನ್ನಗಿರಿ ಹುಡುಗಂದೇ ಅಂಗಡಿ.”

“ಬ್ರೈಲ್ ಪ್ರಿಂಟರ್ ನಡೀತಿದ್ದಿದ್ದು ಅದೊಂದರಿಂದಲೇ ಸರ್.”

“ಅದಕ್ಕೇನು, ಇದಕ್ಕೆ ಹಾಕ್ರಿ. ಇದು ಅದರಪ್ಪ!” ಎಂದು ಹೊಸ ಕಂಪ್ಯೂಟರಿನ ಬೆನ್ನು ತಟ್ಟಿದರು.

ಆ ಬೆನ್ನನ್ನೇ ತಿರುಗಿಸಿ ತೋರಿಸಿದೆ. ಪ್ರಿಂಟರಿನ ಅಗಲವಾದ ಹಳೇ ಕೇಬಲ್ಲು ಕೂರುವ ಜಾಗವೇ ಅದರಲ್ಲಿ ಇರಲಿಲ್ಲ. ಕೇಬಲ್ಲನ್ನು ಕೈಗೆ ಕೊಟ್ಟರೆ ಅವರು ಅದನ್ನು ಅಲ್ಲಿ ಇಲ್ಲಿ ಒತ್ತಿ ನೋಡಿದರು. “ಏನಾದ್ರೂ ಮಾಡ್ರಿ, ನಿಮಗೆ ಗೊತ್ತಿರ್ತೈತಲ್ಲ,” ಎಂದು ನಕ್ಕು ಫೋನಿಗೆ ಉತ್ತರಿಸುತ್ತಾ ಹೊರಗೆ ಹೋದರು.

ಗೆಳತಿ ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಬ್ರೈಲ್ ಪಟ್ಟಿಗೆ ಕಾಗದ ಸಿಕ್ಕಿಸಿ ಮೊಳೆಯಿಂದ ಚುಕ್ಕೆ ಚುಚ್ಚುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಪ್ರಶ್ನೆಪತ್ರಿಕೆಗಳನ್ನು ಒಂದೊಂದಾಗಿ ಕೈಯಲ್ಲೇ ಚುಚ್ಚಿ ಮಾಡುತ್ತಿದ್ದಳು. ಅವಳ ಹೆಬ್ಬೆರಳಿನ ಬುಡ ಕೆಂಪಗೆ ಊದಿತ್ತು.

“ನಿನ್ನ ಕೇಳಲಿಲ್ವಾ?”

“ಕ್ಲಾಸಲ್ಲಿದ್ದೆ. ಬಂದು ಕೈ ಆಡಿಸಿದೆ, ಟೇಬಲ್ ಖಾಲಿ ಐತೆ.” ಮೊಳೆ ನಿಲ್ಲಿಸದೆಯೇ ಹೇಳಿದಳು. “ಪೂಜೆಗೆ ನನ್ನನ್ನೇ ಮುಂದೆ ನಿಲ್ಲಿಸಿ ಫೋಟೋ ತೆಗೆದ್ರು. ಏನಕ್ಕೆ ಪೂಜೆ ಅಂತ ಆಮೇಲೆ ಗೊತ್ತಾತು.”

ನನಗೆ ಮೈ ಉರಿಯಿತು. ಚನ್ನಗಿರಿಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾರ್ಯದರ್ಶಿಗೆ ಹೇಳಬೇಕಾಗಿದ್ದ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಎಲ್ಲವೂ ಬಹಳ ಚೆನ್ನಾಗಿದ್ದವು. ಒಂದನ್ನೂ ಅಲ್ಲಿ ಹೇಳಿರಲಿಲ್ಲ.

ಚನ್ನಗಿರಿಯ ಅಂಗಡಿಯವನು ನನ್ನ ಮುಖ ನೋಡಿಯೇ ಎದ್ದು ನಿಂತ. “ಅವು ಗುಜರಿ ಮೇಡಂ. ನಾಳೆ ಲೋಡ್ ಆಗ್ತಾವೆ. ಅದರಾಗೆ ಏನೈತೆ ಅಂತ ಬಂದ್ರಿ?”

“ಒಂದು ಇಸ್ಕೂಲೈತೆ. ತೆಗಿ ಬಾಗಿಲು.”

ಹಿಂದಿನ ಗೋದಾಮಿನಲ್ಲಿ ಕಂಪ್ಯೂಟರಿನ ಡಬ್ಬಿಗಳು ಗೋಣಿಚೀಲದ ಕೆಳಗೆ ರಾಶಿ ಬಿದ್ದಿದ್ದವು. ಎಲ್ಲವೂ ಒಂದೇ ಕಪ್ಪು, ಒಂದೇ ಧೂಳು. ನೋಡಿ ಗುರುತು ಹಿಡಿಯಲು ಆಗಲಿಲ್ಲ. ಒಂದೊಂದನ್ನೂ ಎಳೆದು ತಿರುಗಿಸುವಾಗ ಒಂದರ ಪಕ್ಕದಲ್ಲಿ ನನ್ನ ಬೆರಳಿಗೆ ಸಣ್ಣ ಗುಳ್ಳೆಗಳು ಸಿಕ್ಕವು. ಗೆಳತಿ ಅಂಟಿಸಿದ್ದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬ್ರೈಲ್. ಅಲ್ಲಿಂದಲೇ ಫೋನು ಮಾಡಿ, ಏನು ಬರೆದಿದ್ದೀ ಎಂದು ಕೇಳಿದೆ.

“‘ಮುಟ್ಟಬೇಡಿ’ ಅಂತ,” ಎಂದಳು. ಆ ಡಬ್ಬಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಡಬ್ಬಿ ಆನ್ ಆಗಲಿಲ್ಲ. ಲಾರಿಯಿಂದ ಇಳಿಸುವಾಗ ಯಾರೋ ಎತ್ತಿ ಹಾಕಿದ್ದರು, ಒಳಗಿನ ಬೋರ್ಡು ಬಿರುಕು ಬಿಟ್ಟಿತ್ತು. ಆದರೆ ಹಾರ್ಡ್ ಡಿಸ್ಕು ಉಳಿದಿತ್ತು. ಅದನ್ನೂ, ಜೊತೆಗೆ ಒಳಗಿದ್ದ ನೆಟ್‌ವರ್ಕ್ ಕಾರ್ಡನ್ನೂ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ನ್ಯಾಮತಿಯ ನಮ್ಮ ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ನನ್ನ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಯೋಚನೆ ಸರಳವಾಗಿತ್ತು. ಹೊಸ ಕಂಪ್ಯೂಟರಿನ ಒಳಗೆ ಪ್ರೋಗ್ರಾಮಿನಿಂದಲೇ ಇನ್ನೊಂದು ಕಂಪ್ಯೂಟರನ್ನು ಕಟ್ಟಬಹುದು. ವರ್ಚುವಲ್ ಮಷೀನ್ ಅನ್ನುತ್ತಾರೆ. ಹಳೆಯ ಡಿಸ್ಕಿನ ನಕಲನ್ನು ಅದರೊಳಗೆ ಕೂರಿಸಿದರೆ, ಹಳೆಯ ಸಿಸ್ಟಂ ತಾನಿನ್ನೂ ತನ್ನ ಹಳೇ ಡಬ್ಬಿಯಲ್ಲೇ ಇದ್ದೇನೆ ಎಂದು ತಿಳಿದು ಕೆಲಸ ಮಾಡುತ್ತದೆ. ಅದು ಹಾಗೆ ಮಾಡಿದರೆ ಸಾಕು, ಅಷ್ಟೆ.

ಮಾಡಲಿಲ್ಲ. ಏಳುತ್ತಲೇ ನೀಲಿ ಪರದೆ ತೋರಿಸಿ ಸತ್ತಿತು. ಮತ್ತೆ ಎಬ್ಬಿಸಿದೆ, ಮತ್ತೆ ನೀಲಿ. ನಕಲು ಕೆಟ್ಟಿರಬೇಕೆಂದು ಇನ್ನೊಂದು ನಕಲು ತೆಗೆದೆ. ಅದೂ ನೀಲಿ. ವರ್ಚುವಲ್ ಮಷೀನಿನಲ್ಲಿ ಡಿಸ್ಕನ್ನು ಹೊಸ ಬಗೆಯ ತಂತಿಗೆ ಸಿಕ್ಕಿಸಿದಂತೆ ನಾನು ತೋರಿಸಿದ್ದೆ, ಹಳೆಯ ಸಿಸ್ಟಂಗೆ ಗೊತ್ತಿದ್ದದ್ದು ಹಳೆಯ ಬಗೆಯದು ಮಾತ್ರ. ಇದು ಹೊಳೆಯುವಷ್ಟರಲ್ಲಿ ಮಧ್ಯಾಹ್ನದ ಊಟ ತಣ್ಣಗಾಗಿತ್ತು. ಬದಲಿಸಿದ ಮೇಲೆ ಎದ್ದಿತು. ಗೆಳತಿಯ ಹಳೆಯ ಫೈಲುಗಳೆಲ್ಲ ಪರದೆಯ ಮೇಲೆ ಇದ್ದಲ್ಲೇ ಇದ್ದವು.

ಬ್ರೈಲ್ ಪ್ರೋಗ್ರಾಂ ಒತ್ತಿದೆ. “ಈ ಕಂಪ್ಯೂಟರಿಗೆ ನೋಂದಣಿ ಇಲ್ಲ” ಎಂದಿತು.

ಸೋಮವಾರ ಅದನ್ನು ಮಾರಿದವರಿಗೆ ಫೋನು ಮಾಡಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು, ಕೊನೆಗೆ ಒಬ್ಬಾತ ಸಿಕ್ಕ.

“ಆ ವರ್ಷನ್‌ಗೆ ಈಗ ಸಪೋರ್ಟ್ ಇಲ್ಲ ಮೇಡಂ. ನೋಂದಣಿ ಕೋಡ್ ಕೊಡ್ತಿದ್ದೋರು ಕೆಲಸ ಬಿಟ್ಟಿದಾರೆ. ಹೊಸ ಮಷೀನ್ ತಗೊಳ್ಳಿ, ಡೆಮೊ ಕೊಡ್ತೀವಿ.”

“ಶಾಲೆಯವರು ಕೊಂಡಿದ್ದಾರಲ್ರೀ ಇದನ್ನ. ಪ್ರಿಂಟರ್ ಗಟ್ಟಿಮುಟ್ಟಾಗೈತೆ. ಒಂದು ಕೋಡ್ ಕೊಡಾಕೆ ಏನು?”

“ಅದು ಹಳೇದಾಯ್ತಲ್ಲ ಮೇಡಂ.”

“ನೀವು ಹುಟ್ಟಿದ್ದು ಯಾವಾಗ?” ಎಂದೆ. ಆತ ಫೋನಿಟ್ಟ. ಹಾಗೆ ಕೇಳಬಾರದಿತ್ತೇನೋ. ಈಗಲೂ ಆ ಫೋನು ನೆನೆದರೆ ಇನ್ನೂ ನಾಲ್ಕು ಮಾತು ಆಡಬೇಕಿತ್ತು ಅನ್ನಿಸುತ್ತದೆ. ಕೆಡದ ಯಂತ್ರವನ್ನು ಸತ್ತಿದೆ ಎಂದು ದೂರದಲ್ಲಿ ಕೂತವನು ಹೇಳುತ್ತಾನೆ, ಊದಿದ ಬೆರಳು ಜಗಳೂರಿನಲ್ಲಿರುತ್ತದೆ.

ಆ ಸಿಟ್ಟಿನಲ್ಲೇ ಬ್ಯಾಗಿನಿಂದ ಹಳೆಯ ನೆಟ್‌ವರ್ಕ್ ಕಾರ್ಡು ತೆಗೆದೆ. ಇಂಥ ಕೆಲವು ಪ್ರೋಗ್ರಾಮುಗಳು ಕಂಪ್ಯೂಟರನ್ನು ಗುರುತು ಹಿಡಿಯುವುದು ಆ ಕಾರ್ಡಿನ ಸಂಖ್ಯೆಯಿಂದ. ಕಾರ್ಡಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಸಂಖ್ಯೆ ಸ್ಪಷ್ಟವಾಗಿತ್ತು. ವರ್ಚುವಲ್ ಮಷೀನಿಗೆ ಅದೇ ಸಂಖ್ಯೆ ಕೊಟ್ಟೆ. ಪ್ರೋಗ್ರಾಂ ತಕರಾರಿಲ್ಲದೆ ತೆರೆದುಕೊಂಡಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಇಷ್ಟು ಸಣ್ಣ ಉತ್ತರ ಅವರಲ್ಲಿ ಒಬ್ಬರಿಗಾದರೂ ಗೊತ್ತಿರಲಿಲ್ಲವೇ ಎಂದು ಇನ್ನಷ್ಟು ಉರಿಯಿತು.

ಹಳೆಯ ಕೇಬಲ್ಲು ಕೂರುವ ಒಂದು ಕಾರ್ಡನ್ನು ತರಿಸಿಕೊಂಡು ಮತ್ತೆ ಜಗಳೂರಿಗೆ ಹೋದೆ. ಹೊಸ ಕಂಪ್ಯೂಟರೊಂದನ್ನು ಬಿಚ್ಚಿ ಕಾರ್ಡು ಹಾಕಿ, ಹಳೆಯ ಸಿಸ್ಟಂ ಅನ್ನು ಅದರೊಳಗೆ ಕೂರಿಸಿದೆ. ಗೆಳತಿ ಕುರ್ಚಿ ಎಳೆದುಕೊಂಡು ಕೂತಳು.

ಆಗ ನಾನು ಯೋಚಿಸಿಯೇ ಇರದ ಒಂದು ತೊಂದರೆ ಎದ್ದಿತು. ಪರದೆಯಲ್ಲಿರುವುದನ್ನು ಓದಿ ಹೇಳುವ ದನಿ ಹೊಸ ಕಂಪ್ಯೂಟರಿನಲ್ಲಿ ಒಂದು, ಅದರೊಳಗಿನ ಹಳೆಯದರಲ್ಲಿ ಇನ್ನೊಂದು. ಅವಳು ಒಂದು ಕೀಲಿ ಒತ್ತಿದರೆ ಎರಡೂ ಒಟ್ಟಿಗೆ ಮಾತಾಡಿದವು. ಒಂದು ಹೆಂಗಸಿನ ನಯವಾದ ದನಿ, ಒಂದು ತಗಡು ಬಡಿದಂಥ ಗಂಡು ದನಿ.

“ಅಕ್ಕಾ, ಗಂಡ ಹೆಂಡ್ತಿ ಒಟ್ಟಿಗೆ ಬೈದಂಗೆ ಆಗ್ತೈತೆ. ಒಬ್ಬರನ್ನ ಸುಮ್ಮನಿರ್ಸು.”

“ಯಾರನ್ನ?”

“ಹೊಸಬಳನ್ನ. ಈ ತಗಡು ದನಿ ನಂಗೆ ಪಳಗೈತೆ.”

ಹಳೆಯ ಸಿಸ್ಟಂ ಒಳಗೆ ಹೋದ ಕೂಡಲೇ ಹೊರಗಿನ ದನಿ ನಿಲ್ಲುವಂತೆ ಮಾಡಿದೆ. ಒಳಗೆ ಹೋಗಲು, ಹೊರಗೆ ಬರಲು ಯಾವ ಕೀಲಿ ಎಂದು ಅವಳ ಬೆರಳನ್ನು ಹಿಡಿದು ತೋರಿಸಿದೆ. ಒಂದೆರಡು ಸಲ ಒಳಗೆ ಸಿಕ್ಕಿಬಿದ್ದಳು, ಆಮೇಲೆ ನನ್ನ ಕೈ ಸರಿಸಿ ತಾನೇ ಓಡಾಡಿದಳು.

ನಾನು ಮನೆಯಲ್ಲಿ ಟೈಪ್ ಮಾಡಿ ತಂದಿದ್ದ ಪಾಠವೊಂದನ್ನು ಪ್ರಿಂಟಿಗೆ ಕೊಟ್ಟೆ. ಯಂತ್ರ ಗದ್ದಲ ಶುರು ಮಾಡಿತು. ಕಾರಿಡಾರಿನಲ್ಲಿ ಮಕ್ಕಳು ಓಡಿಬರುವುದು ಕೇಳಿಸಿತು. ಅವಳು ಹೊರಬಂದ ಹಾಳೆಯನ್ನು ಹರಿದು ತೊಡೆಯ ಮೇಲಿಟ್ಟು ಬೆರಳಾಡಿಸಿದಳು. ಮುಖ ಗಂಟಾಯಿತು.

“ಇದು ಕನ್ನಡ ಅಲ್ಲಕ್ಕ. ಅಕ್ಕ ಹೋಗಿ ಅಕ ಆಗೈತೆ. ಹಳ್ಳ ಹಳ ಆಗೈತೆ. ಒತ್ತಕ್ಷರ ಒಂದೂ ಇಲ್ಲ.”

ಹೊಸ ಕಂಪ್ಯೂಟರು ಕನ್ನಡ ಅಕ್ಷರಗಳನ್ನು ಬರೆದಿಡುವ ಬಗೆ ಬೇರೆ, ಆ ಹಳೆಯ ಪ್ರೋಗ್ರಾಮಿನದು ಬೇರೆ. ನಡುವೆ ಒಂದನ್ನು ಇನ್ನೊಂದಕ್ಕೆ ಬದಲಿಸಲು ನಾನು ಹಾಕಿದ್ದ ಸಣ್ಣ ಪ್ರೋಗ್ರಾಂ ಒತ್ತಕ್ಷರಗಳನ್ನು ನುಂಗುತ್ತಿತ್ತು. ನಾನು ಅದನ್ನು ಸರಿಮಾಡಲು ಹೊರಟರೆ ಅವಳು, “ಬಿಡು, ನಾನೇ ಒಳಗೆ ಹೋಗಿ ಟೈಪ್ ಮಾಡ್ತೀನಿ,” ಎಂದಳು. ಹಳೆಯ ಸಿಸ್ಟಂ ಒಳಗೆ, ಹಳೆಯ ಕೀಲಿಗಳ ಜೋಡಣೆಯಲ್ಲಿ ಇಡೀ ಪ್ರಶ್ನೆಪತ್ರಿಕೆಯನ್ನು ಹೊಡೆದಳು. ಈ ಸಲ ಹಾಳೆ ಮುಟ್ಟಿ, “ಈಗ ಕನ್ನಡ ಆತು,” ಎಂದಳು. ಬಾಗಿಲಲ್ಲಿದ್ದ ಮಕ್ಕಳಿಗೆ ಹಾಳೆ ಸಿಗಬಾರದೆಂದು ಮಡಚಿ ಎದೆಗೆ ಒತ್ತಿ ಹಿಡಿದುಕೊಂಡಳು. ಪ್ರಶ್ನೆಪತ್ರಿಕೆ ತಾನೇ.

ಸದ್ದು ಕೇಳಿ ಕಾರ್ಯದರ್ಶಿ ಬಂದರು. ಹೊಸ ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಪ್ರಿಂಟರು, ಹೊರಬರುತ್ತಿರುವ ಹಾಳೆಗಳು. ಅವರಿಗೆ ಕಂಡದ್ದು ಅಷ್ಟೆ.

“ಅಲ್ರೀ, ಹೊಸದರಾಗೇ ನಡೀತೈತಲ್ಲ! ನಾನು ಮೊದಲೇ ಹೇಳಿದ್ದೆ. ಸುಮ್ಮನೆ ಎಷ್ಟು ಗಾಬರಿ ಮಾಡಿದ್ರಿ.”

ಬಸ್ಸಿನಲ್ಲಿ ಹೇಳಿಕೊಂಡ ಮಾತುಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ. ಬಂದದ್ದು ಬರೀ ಕೂಗು. “ಸರ್, ಇದು ಹೊಸದಲ್ಲ. ನೀವು ಗುಜರಿಗೆ ಹಾಕಿದ್ರಲ್ಲ, ಅದೇ ಇದು. ಧೂಳಿನ ರಾಶಿಯೊಳಗಿಂದ ಎಳ್ಕೊಂಡು ಬಂದು ಇದರೊಳಗೆ ಕೂರಿಸೀನಿ. ಇನ್ನೊಂದು ದಿನ ತಡ ಆಗಿದ್ರೆ ಇವರ ಕೈಯಾಗೆ ಏನೂ ಇರ್ತಿರಲಿಲ್ಲ. ಒಂದು ಮಾತು ಕೇಳಾಕೆ ಏನಾಗಿತ್ತು ನಿಮಗೆ?”

ಕಾರ್ಯದರ್ಶಿಯ ಮುಖ ಸಣ್ಣದಾಯಿತು. “ಒಳ್ಳೇದಕ್ಕೇ ಮಾಡಿದ್ವಿ ಮೇಡಂ,” ಎಂದರು. ನಿಜ, ಒಳ್ಳೆಯದಕ್ಕೇ ಮಾಡಿದ್ದರು. ನನ್ನ ಸಿಟ್ಟು ಇಳಿಯಲೂ ಇಲ್ಲ, ಅದನ್ನು ಇಡಲು ಒಂದು ಜಾಗವೂ ಸಿಗಲಿಲ್ಲ. ಗೆಳತಿ ನನ್ನ ಮೊಣಕೈ ಹಿಡಿದು, “ಚಾ ಕುಡಿಯಾನ ಬಾ,” ಎಂದು ಎಳೆದುಕೊಂಡು ಹೋದಳು.

ಪರೀಕ್ಷೆ ಆಯಿತು. ಎಲ್ಲ ಮಕ್ಕಳ ಬೆರಳಿನ ಕೆಳಗೂ ಪ್ರಶ್ನೆಪತ್ರಿಕೆ ಇತ್ತು ಎಂದು ಅವಳು ತಿಳಿಸಿದಳು.

ಕೆಲವು ತಿಂಗಳ ಮೇಲೆ ಕಾರ್ಯದರ್ಶಿಯೇ ನನಗೆ ಫೋನು ಮಾಡಿದರು. ಯಾರೋ ದಾನಿಗಳು ಹೊಸ ಬ್ರೈಲ್ ಪ್ರಿಂಟರ್ ಕೊಡುತ್ತಾರಂತೆ, ಹಳೆಯದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೇಳಿದರು. ಕೇಳಿದರಲ್ಲ ಎಂದು ಒಂದು ಕ್ಷಣ ಮನಸ್ಸು ತಣ್ಣಗಾಯಿತು.

“ನನ್ನನ್ಯಾಕೆ ಕೇಳ್ತೀರಿ ಸರ್? ನಿಮ್ಮ ಮೇಡಂನ ಕೇಳ್ರಿ.”

“ಅವರಿಗೆ ಕಾಣಲ್ಲಲ್ರೀ. ಮಷೀನ್ ವಿಚಾರ ಅವರಿಗೆ ಹೆಂಗೆ ಗೊತ್ತಾಗ್ತೈತೆ?”

ಫೋನು ಇಟ್ಟೆ. ಅಂಗಡಿಯ ಮುಂದೆ ನ್ಯಾಮತಿ ಬಸ್ಸೊಂದು ಹೋಯಿತು. ಮತ್ತೆ ನಾನೇ ಫೋನು ಮಾಡಿದೆ. “ಅವರ ಕೋಣೆಗೆ ಹೋಗ್ರಿ. ಕುರ್ಚಿ ಹಾಕ್ಕೊಂಡು ಅವರ ಎದುರಿಗೆ ಕೂತು ಕೇಳ್ರಿ. ಅವರು ಏನಂತಾರೋ ಅದನ್ನ ಮಾಡ್ರಿ,” ಎಂದೆ.

ಅವರು ಹೋದರಂತೆ, ಗೆಳತಿಯೇ ಫೋನಿನಲ್ಲಿ ಹೇಳಿದಳು. ಆ ಹೊತ್ತಿಗೆ ಅವಳು ಉದ್ದನೆಯ ಪಾಠವೊಂದನ್ನು ಪ್ರಿಂಟಿಗೆ ಕೊಟ್ಟಿದ್ದಳು. ಅವರು ಏನೋ ಕೇಳಿದರು, ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಯಂತ್ರ ನಿಲ್ಲಿಸಲಿಲ್ಲ. ಕುರ್ಚಿ ಯಾವ ಕಡೆ ಇದೆ ಎಂದು ಕೈ ತೋರಿಸಿದಳು. ಅವರು ಎರಡೂ ಕಿವಿ ಮುಚ್ಚಿಕೊಂಡು ಕೊನೆಯ ಹಾಳೆ ಬರುವವರೆಗೂ ಕೂತರಂತೆ. ಕಿವಿ ಮುಚ್ಚಿದ್ದನ್ನು ಅವಳಿಗೆ ಹೇಳಿದ್ದು ಅರೆಬರೆ ಕಣ್ಣು ಕಾಣುವ ಒಂದಿಬ್ಬರು ಮಕ್ಕಳು.

“ಆಮೇಲೆ?” ಎಂದೆ.

“ಆಮೇಲೆ ನಾನು ಹೇಳಿದೆ, ಅವರು ಕೇಳಿದ್ರು. ಎರಡೂ ಇರ್ಲಿ ಅಂದೀನಿ.”