ಬೆಂಡಿಗೆ ಅರಗು ಹಚ್ಚಬೇಡಿ

ಬೆಳಗಿನ ಐದೂವರೆ. ದಾವಣಗೆರೆ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಯಾವ ಅಂಗಡಿಯ ಬಾಗಿಲೂ ತೆರೆದಿಲ್ಲ. ಹತ್ತಿ ಗಿರಣಿಯ ಮೊದಲ ಕೂಗು ಈಗಷ್ಟೇ ಮುಗಿದಿದೆ. ಹಯಾತ್ ಸಾಬ್ ತಮ್ಮ ತಗಡಿನ ಚಪ್ಪರದಡಿ ಕುಕ್ಕರಗಾಲಿನಲ್ಲಿ ಕುಳಿತು, ಮೂರು ಗಾಜಿನ ಲೋಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಲೋಟಗಳಲ್ಲಿ ಇರುವುದು ಪೆಟ್ರೋಲು. ಪ್ರತಿಯೊಂದರಲ್ಲೂ ನಿಂಬೆಹಣ್ಣಿನ ಗಾತ್ರದ ಒಂದು ಹಿತ್ತಾಳೆ ಡಬ್ಬಿ. ನಿನ್ನೆ ಸಂಜೆ ಹಾಕಿಟ್ಟದ್ದು. ಎರಡು ಚೆನ್ನಾಗಿ ತೇಲುತ್ತಿವೆ, ಮೂರನೆಯದು ಒಂದು ಪಕ್ಕಕ್ಕೆ ವಾಲಿದೆ.

"ಇದು ಕುಡದೈತೆ ನೋಡ್ರಿ," ಎಂದು ಅದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹನಿ ಪೆಟ್ರೋಲು ಕುಲುಕುತ್ತದೆ. "ಸೂಜಿ ಮೊನೆ ಹೋಗೋವಷ್ಟು ಸಂದು ಇದ್ರೂ ಸಾಕು. ಇದನ್ನ ಕೊಡಾಂಗಿಲ್ಲ." ಅರ್ಧ ದಿನದ ಕೆಲಸ ಬುಟ್ಟಿಗೆ ಬೀಳುತ್ತದೆ.

ಪತ್ರಿಕೆಯ ಈ ಪುಟಕ್ಕೆ ಬರೆಯುವಾಗ ನಾನು ಸಾಮಾನ್ಯವಾಗಿ ಹುಮ್ಮಸ್ಸಿನಿಂದ ಬರೆಯುವವನು. ಬುಟ್ಟಿ ಹೆಣೆಯುವವರು, ಗಡಿಯಾರ ರಿಪೇರಿಯವರು, ಟಪಾಲಿನವರು, ಎಲ್ಲರ ಬಗ್ಗೆಯೂ ಬರೆದು ಕೊನೆಗೆ ಭೇಷ್ ಎಂದಿದ್ದೇನೆ. ಈ ಸಲ ಭೇಷ್ ಎನ್ನಲು ಬಾಯಿ ಬರುತ್ತಿಲ್ಲ. ಓದುಗರು ಕ್ಷಮಿಸಬೇಕು.

ಹಯಾತ್ ಸಾಬರಿಗೆ ಈಗ ಐವತ್ತೊಂಬತ್ತು. ಊರಿನ ಡ್ರೈವರುಗಳ ಬಾಯಲ್ಲಿ ಅವರು 'ಬೆಂಡಿನ ಸಾಬ್ರು'. ಮೋಟಾರು ಎಂಜಿನ್ನಿಗೆ ಪೆಟ್ರೋಲು ಹನಿಸುವ ಕಾರ್ಬೊರೇಟರ್ ಇದೆಯಲ್ಲ, ಅದರೊಳಗೆ ಒಂದು ಪುಟ್ಟ ಬಟ್ಟಲು. ಬಟ್ಟಲಲ್ಲಿ ಒಂದು ಬೆಂಡು ತೇಲುತ್ತಿರುತ್ತದೆ. ಪೆಟ್ರೋಲು ಸಾಕಷ್ಟು ತುಂಬಿತೆಂದರೆ ಬೆಂಡು ಮೇಲೆದ್ದು ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಬೆಂಡು ಪೆಟ್ರೋಲು ಕುಡಿದು ಮುಳುಗಿತೋ, ದಾರಿ ಮುಚ್ಚುವವರೇ ಇಲ್ಲ. ಪೆಟ್ರೋಲು ಉಕ್ಕಿ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಅದಕ್ಕೇ ಬೆಂಡಿನ ಮೈಗೆ ಒಂದು ಲೇಪ ಬೇಕು. ಮೂವತ್ತೊಂದು ವರ್ಷ ಹಯಾತ್ ಸಾಬ್ ಮಾಡಿದ್ದು ಇದೇ ಕೆಲಸ.

ಅವರ ಲೇಪ ಅರಗು. ತಂದೆ ಅರಗಿನ ಬಳೆ ಮಾಡುತ್ತಿದ್ದವರು. ಕೆಂಡದ ಮೇಲೆ ಅರಗು ಕರಗಿಸುವ ಹದ, ಬೆರಳು ಸುಡದಂತೆ ತಿರುಗಿಸುವ ವರಸೆ ಮಗನಿಗೆ ಬಂದದ್ದು ಅಲ್ಲಿಂದ. ಗಾಜಿನ ಬಳೆ ಬಂದು ಅರಗಿನ ಬಳೆ ಕೇಳುವವರಿಲ್ಲವಾದಾಗ, ಅದೇ ಅರಗನ್ನು ಬೆಂಡಿಗೆ ಹಚ್ಚಿದರು. ಪೆಟ್ರೋಲಿಗೂ ಅರಗಿಗೂ ಜಗಳವಿಲ್ಲ, ಎಷ್ಟು ವರ್ಷ ಮುಳುಗಿಸಿಟ್ಟರೂ ಅರಗು ಕಲ್ಲಿನಂತೆ ಇರುತ್ತಿತ್ತು. ದಿನಕ್ಕೆ ಹತ್ತು, ಹನ್ನೆರಡು ಬೆಂಡು. ಚಿತ್ರದುರ್ಗದಿಂದ, ರಾಣೆಬೆನ್ನೂರಿನಿಂದಲೂ ಬರುತ್ತಿದ್ದವಂತೆ.

"ನಾನು ಹಚ್ಚಿದ ಬೆಂಡು ವಾಪಸ್ ಬಂದಿದ್ದಿಲ್ಲ ಸ್ವಾಮೇರ," ಎನ್ನುತ್ತಾರೆ. "ಕಾರು ಗುಜರಿಗೆ ಹೋದ್ರೂ ಬೆಂಡು ತೇಲ್ತಿತ್ತು."

ನಾಲ್ಕು ವರ್ಷದ ಹಿಂದೆ ಅವು ವಾಪಸ್ ಬರತೊಡಗಿದವು. ಮೊದಲು ವಾರಕ್ಕೆ ಒಂದು, ಆಮೇಲೆ ದಿನಕ್ಕೆ ಎರಡು. ಮೈಯೆಲ್ಲ ಅಂಟಂಟು, ಲೇಪ ಬೆಲ್ಲದ ಪಾಕದಂತೆ ಜಾರಿಹೋಗಿ ಬರಿಯ ಬೆಂಡು ಉಳಿದಿರುತ್ತಿತ್ತು. ಡ್ರೈವರುಗಳು ಬೈದರು. ಸಾಬರ ಕಣ್ಣು ಮಂಜಾಗಿದೆ, ಕೈ ಕೆಟ್ಟಿದೆ ಎಂದರು. ಸಾಬರೂ ಅದನ್ನೇ ನಂಬಿದರು. ಅರಗು ಮಾರುವ ಮುದುಕಿಯ ಮೇಲೆ, ಕಲಬೆರಕೆ ಮಾಲು ಕೊಟ್ಟೆ ಎಂದು ಹಾರಾಡಿದರು. ಇಪ್ಪತ್ತು ವರ್ಷದ ಪರಿಚಯದ ಹೆಂಗಸು ಆ ದಿನದಿಂದ ಈ ಓಣಿಗೆ ಕಾಲಿಟ್ಟಿಲ್ಲ. ಎರಡು ಲೇಪ ಹಾಕುತ್ತಿದ್ದ ಸಾಬರು ಮೂರು ಹಾಕಿದರು, ಕೊನೆಗೆ ಐದು ಹಾಕಿದರು.

ಆಗಿದ್ದೇನೆಂದರೆ, ಬಂಕಿನ ಪೆಟ್ರೋಲೇ ಬದಲಾಗಿತ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಸ್ಪಿರಿಟ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಿದ್ದರು. ಪರದೇಶದ ಎಣ್ಣೆ ಉಳಿಯುತ್ತದೆ, ದೇಶಕ್ಕೆ ಒಳ್ಳೆಯದು ಎಂಬ ಲೆಕ್ಕ. ಇರಲಿ, ಒಳ್ಳೆಯದೇ. ಆದರೆ ಬೆರೆಸಿದ್ದೇವೆ ಎಂದು ಈ ಓಣಿಗೆ ಬಂದು ಹೇಳಿದವರು ಯಾರು? ಮನುಷ್ಯರಿಗೆ ಪಾನನಿರೋಧ ಹಾಕಿ ಕಾರಿಗೆ ಕುಡಿಸಿದ ಸುದ್ದಿ, ಕಾರು ಓಡಿಸುವವನಿಗೇ ಗೊತ್ತಿರಲಿಲ್ಲ.

ಬಾಡಿಗೆ ಕಾರಿನ ಶಬ್ಬೀರ್ ಇದರ ಪಾಡು ಹೇಳುತ್ತಾರೆ. ಮುಂಜಾನೆ ಥಂಡಿಯಲ್ಲಿ ಕಾರು ಹೊರಡುವುದಿಲ್ಲ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ಬೆಂಡಾಗುತ್ತದೆ. ಗ್ಯಾಲನ್ನಿಗೆ ಹದಿನೆಂಟು ಮೈಲಿ ಓಡುತ್ತಿದ್ದುದು ಹದಿನಾರಕ್ಕೆ ಇಳಿದಿದೆ. ಟ್ಯಾಂಕಿನ ಹಳೆಯ ತುಕ್ಕೆಲ್ಲ ಎದ್ದು ಬಂದು ಸಣ್ಣ ತೂತುಗಳಲ್ಲಿ ಕೂರುತ್ತದೆ. ರಬ್ಬರ್ ಕೊಳವೆ ಊದಿಕೊಂಡು ಬಿರಿಯುತ್ತದೆ. "ನಮ್ದೇನ್ರಿ, ಕಾರು ನಿಂತ್ರೆ ರಸ್ತೆ ಮ್ಯಾಲೆ ನಿಂತ್ಕಂತೈತೆ. ಇಳಿದು ನೂಕ್ತೀವಿ," ಎನ್ನುತ್ತಾರೆ ಶಬ್ಬೀರ್. ಮುಂದಿನ ಮಾತು ಹಯಾತ್ ಸಾಬರ ಎದುರು ಆಡುವಂಥದ್ದಲ್ಲ.

ಹೊಳೆಯ ನಡುವೆ ಎಂಜಿನ್ ನಿಂತರೆ ಇಳಿದು ನೂಕಲಾಗುವುದಿಲ್ಲ.

ನಂದಿಗುಡಿ ಕಡೆ ತುಂಗಭದ್ರೆಯಲ್ಲಿ ದೋಣಿ ಹಾಯಿಸುವ ಕೆಂಚವೀರಪ್ಪ, ಗುಜರಿ ಕಾರಿನ ಎಂಜಿನ್ ತಂದು ತಮ್ಮ ದೋಣಿಗೆ ಕೂರಿಸಿದ್ದರು. ಗಳ ಹಾಕಿ ಒಂದು ತಾಸು ಹಿಡಿಯುತ್ತಿದ್ದ ದಾರಿ ಇಪ್ಪತ್ತು ನಿಮಿಷಕ್ಕೆ ಬಂದಿತ್ತು. ಹೋದ ವರ್ಷ ಆಷಾಢಕ್ಕೆ ಮುಂಚೆ ಅವರು ಬೆಂಡು ತಂದು ಹಯಾತ್ ಸಾಬರ ಕೈಗೆ ಕೊಟ್ಟರು. ಹೊಳೆ ಏರುವ ಕಾಲ, ಗಟ್ಟಿಯಾಗಿ ಹಚ್ಚಿ ಎಂದರು. ಸಾಬರು ಐದು ಲೇಪ ಹಚ್ಚಿ ಕೊಟ್ಟರು.

ಹನ್ನೆರಡನೆಯ ದಿನ, ಕೆಂಪು ನೀರು ಬಂದ ಹೊಳೆಯ ನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ದೋಣಿಯಲ್ಲಿ ಹದಿನಾಲ್ಕು ಜನ ಪ್ರಯಾಣಿಕರು. ದೋಣಿ ತಿರುಗಿ ಹೋಗಿ ಬಂಡೆಗೆ ಸಿಕ್ಕಿಕೊಂಡಿತು. ಕೆಂಚವೀರಪ್ಪನ ತಮ್ಮ ಸಣ್ಣಬೀರಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿ, ದಡದ ಮರಕ್ಕೆ ಹಗ್ಗ ಬಿಗಿದ. ಹದಿಮೂರು ಜನ ಅದನ್ನು ಹಿಡಿದು ದಡ ಸೇರಿದರು. ಕೊನೆಯ ಮುದುಕಿಯ ಕೈ ಜಾರಿತೆಂದು ಮತ್ತೆ ನೀರಿಗಿಳಿದ ಸಣ್ಣಬೀರಪ್ಪ, ಆಕೆಯನ್ನು ಮೇಲಕ್ಕೆ ನೂಕಿದ, ತಾನು ಮೇಲೆ ಬರಲಿಲ್ಲ. ಎರಡು ದಿನದ ಮೇಲೆ ಹರಿಹರದ ಸೇತುವೆಯ ಕೆಳಗೆ ಸಿಕ್ಕ. ಇಪ್ಪತ್ತಾರು ವರ್ಷ.

ನೀರಿಳಿದ ಮೇಲೆ ಕೆಂಚವೀರಪ್ಪ ಬಂಡೆಯ ಮೇಲಿನ ದೋಣಿಗೆ ಹೋಗಿ ಎಂಜಿನ್ ಬಿಚ್ಚಿದರು. ಬೆಂಡನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ದಾವಣಗೆರೆಗೆ ಬಂದರು.

"ಬೈದಿದ್ರೆ ಚಲೋ ಇತ್ತು," ಎನ್ನುತ್ತಾರೆ ಹಯಾತ್ ಸಾಬ್. "ಹೊಡೆದಿದ್ರೂ ಆಗ್ತಿತ್ತು. ಇಲ್ಲೇ ಕುಂತು, ವಸ್ತ್ರ ಬಿಚ್ಚಿ, 'ಸಾಬ್ರೇ, ಇದು ಯಾಕ ಮುಳುಗ್ತು?' ಅಂತ ಕೇಳಿದ್ರು. ಅಷ್ಟೇ. ನನ್ನ ಹತ್ರ ಜವಾಬೇ ಇದ್ದಿಲ್ಲ. ಬಹಳ ಹೊತ್ತು ಕುಂತು ಎದ್ದು ಹೋದ್ರು."

ಜವಾಬು ಆರು ತಿಂಗಳ ಮೇಲೆ ಸಿಕ್ಕಿತು, ಅದೂ ಪಕ್ಕದ ಅಂಗಡಿಯಲ್ಲಿ. ಬಡಗಿ ಕರಿಬಸವರಾಜ ಬಾಗಿಲಿಗೆ ಪಾಲಿಶ್ ಹೊಡೆಯುತ್ತಿದ್ದ. ಹಯಾತ್ ಸಾಬ್ ಬೀಡಿಗೆ ಬೆಂಕಿ ಕೇಳಲು ಹೋದವರು ಬಾಗಿಲಲ್ಲೇ ನಿಂತರು. ಅವನ ಶೀಷೆಯಲ್ಲಿ ಅರಗಿನ ಹಳುಕುಗಳು ನೀರಾಗುತ್ತಿದ್ದವು. ಬೆಂಕಿ ಇಲ್ಲ, ಕೆಂಡ ಇಲ್ಲ, ಅರಗು ತಾನಾಗಿ ಕರಗುತ್ತಿದೆ! ಏನಿದು ಎಂದರೆ, ಕರಿಬಸವರಾಜ ನಕ್ಕ. "ಸ್ಪಿರಿಟ್ ಸಾಬ್ರೇ. ಇದ್ರಾಗೆ ಹಾಕಿದ್ರೆ ಅರಗು ಕರಗ್ದೆ ಇನ್ನೇನ್ ಆಗ್ತೈತೆ?" ಅರಗಿನಲ್ಲೇ ಹುಟ್ಟಿ ಅರಗಿನಲ್ಲೇ ಬೆಳೆದ ಮನುಷ್ಯನಿಗೆ ಇದು ಗೊತ್ತಿರಲಿಲ್ಲ. ಅವರ ಮನೆತನದಲ್ಲಿ ಅರಗು ಕರಗುವುದು ಬೆಂಕಿಗೆ ಮಾತ್ರ. ಶೀಷೆಯನ್ನು ಮೂಸಿದರು. ವಾಪಸ್ ಬಂದ ಬೆಂಡುಗಳ ಮೈಮೇಲೆ ನಾಲ್ಕು ವರ್ಷದಿಂದ ಬರುತ್ತಿದ್ದ ವಾಸನೆ.

ಅಂದೇ ಬಂಕಿಗೆ ಹೋಗಿ ಕೇಳಿದರು. "ಅಯ್ಯೋ, ಸ್ಪಿರಿಟ್ ಬೆರೆಸಿ ಎಷ್ಟು ಕಾಲ ಆಯ್ತು, ನಿಮಗೆ ಗೊತ್ತಿಲ್ವಾ?" ಎಂದರಂತೆ ಅಲ್ಲಿದ್ದವರು.

ಆ ದಿನದಿಂದ ಹಯಾತ್ ಸಾಬ್ ಅರಗು ಮುಟ್ಟಿಲ್ಲ. ಹಿತ್ತಾಳೆ ತಗಡು ಕತ್ತರಿಸಿ, ಬೆಸೆದು, ಟೊಳ್ಳು ಡಬ್ಬಿ ಮಾಡುತ್ತಾರೆ. ದಿನಕ್ಕೆ ಎರಡು ಆದರೆ ಹೆಚ್ಚು. ಕೈ ಸುಟ್ಟುಕೊಳ್ಳದ ದಿನವಿಲ್ಲ. ಗಿರಾಕಿಗಳೂ ಇಲ್ಲ, ಒಮ್ಮೆ ಕೆಟ್ಟ ಹೆಸರು ಕೆಟ್ಟದ್ದೇ. ಆದರೂ ಬೆಳಿಗ್ಗೆ ಎದ್ದು ಲೋಟ ನೋಡುತ್ತಾರೆ.

ಆದರೆ ಜವಾಬನ್ನು ಕೆಂಚವೀರಪ್ಪನಿಗೆ ಮುಟ್ಟಿಸಿರಲಿಲ್ಲ. ಎರಡು ಸಲ ಹರಿಹರದವರೆಗೆ ಹೋಗಿ, ಸೇತುವೆ ನೋಡಿ, ಬಸ್ಸಿಳಿದು ವಾಪಸ್ ಬಂದಿದ್ದರು. ಹೋದ ಸೋಮವಾರ ನಾನು ಜೊತೆಗೆ ಬರುತ್ತೇನೆಂದೆ. ಸಾಬರ ಚೀಲದಲ್ಲಿ ಒಂದು ಶೀಷೆ ಪೆಟ್ರೋಲು, ಒಂದು ಹಿತ್ತಾಳೆ ಬೆಂಡು. ಹರಿಹರದಲ್ಲಿ ಅವರು ಕಣ್ಣು ಮುಚ್ಚಿ ಕುಳಿತಿದ್ದರು, ಬಸ್ಸು ಮುಂದೆ ಹೋಯಿತು.

ಕೆಂಚವೀರಪ್ಪ ದಡದಲ್ಲಿ ಗಳ ಒರಗಿಸಿ ಕುಳಿತಿದ್ದರು. ಹೊಸ ದೋಣಿ, ಎಂಜಿನ್ ಇಲ್ಲದ್ದು. "ಬರ್ರಿ ಸಾಬ್ರೇ, ಕೂಡ್ರಿ," ಎಂದು ಕಂಬಳಿ ಹಾಸಿದರು. ಸಾಬರು ಚೀಲದಿಂದ ಪೆಟ್ರೋಲಿನ ಶೀಷೆ ತೆಗೆದರು. ಶೀಷೆಗೆ ಎರಡು ಬೆರಳಷ್ಟು ಹೊಳೆ ನೀರು ಹಾಕಿ, ಕುಲುಕಿ, ಮರಳ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ತಳದ ನೀರು ಮೂರು ಬೆರಳಿಗೂ ಮಿಕ್ಕಿ ನಿಂತಿತು.

"ಹೆಚ್ಚಿಗೆ ಕಾಣೋದು ನೀರಲ್ರಿ, ಸ್ಪಿರಿಟ್. ಪೆಟ್ರೋಲ್ ಬಿಟ್ಟು ನೀರಿಗೆ ಕೂಡ್ತು. ಹೊಳ್ಯಾಗೆ ಟ್ಯಾಂಕಿಗೆ ಹನಿ ನೀರು ಬಿದ್ರೂ ಹಿಂಗೇ ತಳಕ್ಕೆ ಇಳಿದು ಎಂಜಿನ್ ನಿಲ್ತೈತೆ. ನನ್ನ ಅರಗನ್ನ ತೊಳೆದಿದ್ದೂ ಇದೇ ಸ್ಪಿರಿಟ್ಟು. ನೀವು ಕೇಳಿದ್ರಲ್ಲ, ಯಾಕ ಮುಳುಗ್ತು ಅಂತ."

ಕೆಂಚವೀರಪ್ಪ ಶೀಷೆಯನ್ನೇ ನೋಡಿದರು. "ಬಂಕಿನೋರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಿಮಗೆ?"

"ಇಲ್ಲ. ಯಾರೂ ಹೇಳಿಲ್ಲ. ನಾನೂ ಯಾರನ್ನೂ ಕೇಳಿಲ್ಲ. ನನ್ನ ಕೈಯ್ಯಾಗೇ ತಪ್ಪೈತೆ ಅಂತ ತಿಳಕಂಡು ಲೇಪ ಹಚ್ಚಿದ ಮ್ಯಾಲೆ ಲೇಪ ಹಚ್ಚಿದೆ."

ಸಾಬರು ಹಿತ್ತಾಳೆ ಬೆಂಡು ತೆಗೆದು ಮುಂದಿಟ್ಟರು. ಕೆಂಚವೀರಪ್ಪ ಅದನ್ನು ತೆಗೆದುಕೊಂಡು ಹೊಳೆಯ ಅಂಚಿಗೆ ಹೋಗಿ, ನೀರಲ್ಲಿ ಬಿಟ್ಟು, ಎರಡೂ ಕೈ ಅಡ್ಡ ಹಿಡಿದು ನೋಡಿದರು. ಬೆಂಡು ಕೈಗಳ ನಡುವೆ ತೇಲಿತು. ಅವರು ಅತ್ತರು. ಆಮೇಲೆ ಅದನ್ನು ಒರೆಸಿ ತಂದು ಸಾಬರ ಕೈಯಲ್ಲಿಟ್ಟರು.

"ಚಲೋ ಐತೆ ಸಾಬ್ರೇ. ನನಗೆ ಇನ್ನ ಎಂಜಿನ್ ಬ್ಯಾಡ. ಬ್ಯಾರೆ ದೋಣಿಯೋರಿಗೆ ಕೊಡ್ರಿ."

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಎಂದಿನಂತೆ ಕೇಳಿದೆ, ಪತ್ರಿಕೆಯವನ ಹೊಟ್ಟೆಪಾಡಿನ ಪ್ರಶ್ನೆ: ನಿಮ್ಮ ಆಸೆಯೇನು, ಪತ್ರಿಕೆಯಲ್ಲಿ ಏನು ಬರೆಯಲಿ? ಹೊಗಳಿ ಬರೆದರೆ ನಾಲ್ಕು ಗಿರಾಕಿ ಬಂದಾರು ಎಂದು ನನ್ನ ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಹರಿಹರ ಬಂತು, ಸಾಬರು ಕಿಟಕಿಯ ಕಡೆ ತಿರುಗಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ಕಿಟಕಿಯಿಂದ ಸೇತುವೆಯ ಕೆಳಗಿನ ನೀರನ್ನು ನೋಡುತ್ತಲೇ ಇದ್ದರು.

"ಹೊಳೆ ಉದ್ದಕ್ಕೂ ಎಂಜಿನ್ ದೋಣಿ ಇನ್ನೂ ಅದಾವ್ರಿ," ಎಂದರು. "ಬೆಂಡಿಗೆ ಅರಗು ಹಚ್ಚೋರು ನಾನೊಬ್ನೇ ಅಲ್ಲ. ಅವ್ರಿಗೂ ಯಾರೂ ಹೇಳಿರಾಂಗಿಲ್ಲ. ಬಂಕಿನ ಮುಂದೆ ಒಂದು ಬೋರ್ಡ್ ಹಾಕ್ರಿ ಅಂದ್ರೆ ಹಾಕ್ಲಿಲ್ಲ. ನೀವು ನನ್ನ ಬಗ್ಗೆ ಏನಾರ ಬರ್ಕಳ್ರಿ, ಬಿಡ್ರಿ. ಆದ್ರೆ ಮ್ಯಾಲೆ ಹೆಸರು ಬರೀತಾರಲ್ಲ, ದಪ್ಪ ಅಕ್ಷರದಾಗೆ, ಅಲ್ಲಿ ನನ್ನ ಹೆಸರು ಬ್ಯಾಡ. ಬೆಂಡಿಗೆ ಅರಗು ಹಚ್ಚಬ್ಯಾಡ್ರಿ ಅಂತ ಬರೀರಿ. ಲೇಖನ ಓದದೆ ಇದ್ದೋರೂ ಅದನ್ನ ಓದ್ತಾರೆ."